ಕೈಪಿಡಿ ಹೇಳದೆ ಬಿಟ್ಟ ಅನುಮಾನಗಳು

ಸಾಫ್ಟ್‌ವೇರ್ ಉಪಕರಣಗಳನ್ನು ಎಐ ಏಜೆಂಟುಗಳ ಕೈಗೆ ಕೊಡುವ ಕೆಲಸ ಈಗ ಭರದಿಂದ ನಡೆದಿದೆ. ಅದರ ಜೊತೆಗೇ ಒಂದು ನಂಬಿಕೆಯೂ ಬೇರೂರಿದೆ: ಏಜೆಂಟಿಗೆ ಬರೆಯುವ ಕೈಪಿಡಿ ಎಂದರೆ ಆಜ್ಞೆಗಳ ಪೂರ್ತಿ ಪಟ್ಟಿ. ಯಂತ್ರಕ್ಕೆ ಓದಿ ಬೇಸರವಾಗುವುದಿಲ್ಲ, ಆದ್ದರಿಂದ ಇರುವುದನ್ನೆಲ್ಲ ಸುರಿದುಬಿಡಿ. ಪ್ರತಿ ಆಜ್ಞೆಗೂ ಒಂದು ಸಾಲಿನ ವಿವರಣೆ, ಒಂದು ಉದಾಹರಣೆ, ಉತ್ತರ ಜೇಸನ್ ರೂಪದಲ್ಲಿ ಬರುವ ಏರ್ಪಾಡು. ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಕೈಪಿಡಿಯೇ ಬೇಡ, ಏಜೆಂಟು ಸೋರ್ಸ್ ಕೋಡನ್ನೇ ಓದಿಕೊಳ್ಳುತ್ತದೆ ಎನ್ನುತ್ತಾರೆ. ರಿವರ್ಸ್ ಎಂಜಿನಿಯರಿಂಗ್ ಉಪಕರಣಗಳ ಮಟ್ಟಿಗೆ ಈ ಎರಡೂ ಮಾತು ತಪ್ಪು ಎಂಬುದು ನನ್ನ ವಾದ. ಇಂಥ ಉಪಕರಣ ಏನೇನು ಮಾಡಬಲ್ಲದು ಎಂಬುದನ್ನು ಏಜೆಂಟು ಹೇಗೋ ತಿಳಿದುಕೊಳ್ಳುತ್ತದೆ. ಅದು ಎಲ್ಲೆಲ್ಲಿ ಬರೀ ಊಹಿಸುತ್ತಿದೆ ಎಂಬುದನ್ನು ಮಾತ್ರ ಯಾರಾದರೂ ಹೇಳಿಕೊಡಲೇಬೇಕು.

ವಿಷಯದ ಹಿನ್ನೆಲೆ ಸ್ವಲ್ಪ ಹೇಳಬೇಕು. ಪ್ರೋಗ್ರಾಮರ್ ಬರೆದ ಸಿ ಕೋಡ್ ಕಂಪೈಲ್ ಆದ ಮೇಲೆ ಅದರಲ್ಲಿದ್ದ ಹೆಸರುಗಳು, ಟಿಪ್ಪಣಿಗಳು, ಯಾವ ವೇರಿಯಬಲ್ ಯಾವ ಜಾತಿಯದು ಎಂಬ ಮಾಹಿತಿ ಬಹುಪಾಲು ಅಳಿಸಿಹೋಗುತ್ತವೆ. ಉಳಿಯುವುದು ಬೈಟುಗಳ ಸಾಲು. ಆ ಸಾಲಿನಿಂದ ಹಿಂದಕ್ಕೆ ನಡೆದು, ಈ ಪ್ರೋಗ್ರಾಂ ಮಾಡುತ್ತಿರುವುದೇನು ಎಂದು ಕಂಡುಕೊಳ್ಳುವುದೇ ರಿವರ್ಸ್ ಎಂಜಿನಿಯರಿಂಗ್. ಮಾಲ್‌ವೇರ್ ಬಿಡಿಸಿ ನೋಡುವವರಿಗೆ, ರೌಟರ್ ಮತ್ತು ಕ್ಯಾಮೆರಾಗಳ ಫರ್ಮ್‌ವೇರ್ ತಪಾಸಣೆ ಮಾಡುವವರಿಗೆ, ಸೋರ್ಸ್ ಕಳೆದುಹೋದ ಹಳೆಯ ಯಂತ್ರವನ್ನು ನಡೆಸಿಕೊಂಡು ಹೋಗಬೇಕಾದವರಿಗೆ ಇದು ದಿನನಿತ್ಯದ ಕೆಲಸ. ಬೆಂಗಳೂರಿನಲ್ಲಿ ಇದನ್ನೇ ನೆಚ್ಚಿಕೊಂಡು ಬದುಕುವ ಕನ್ನಡಿಗರೂ ಇದ್ದಾರೆ.

ಈ ಕೆಲಸದ ಹೆಸರಾಂತ ಉಪಕರಣ ಗೀಡ್ರಾ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ ತನ್ನೊಳಗೆ ವರ್ಷಗಟ್ಟಲೆ ಬಳಸುತ್ತಿದ್ದ ಇದನ್ನು 2019ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆರ್‌ಎಸ್‌ಎ ಸಮ್ಮೇಳನದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದಕ್ಕೂ ಮೊದಲೇ ಎಲ್ಲರಿಗೂ ಸಿಗುತ್ತಿದ್ದದ್ದು, 2006ರಲ್ಲಿ ಶುರುವಾದ ರಾಡಾರೆ. ಈಗಿನ ರೂಪ ರಾಡಾರೆ2. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಎಂಸಿಪಿ ಎಂಬ ಒಡಂಬಡಿಕೆಯನ್ನು ಪ್ರಕಟಿಸಿತು; ಭಾಷಾ ಮಾದರಿ ಮತ್ತು ಹೊರಗಿನ ಉಪಕರಣ ಪರಸ್ಪರ ಮಾತಾಡುವ ಸಾಮಾನ್ಯ ರೀತಿ ಅದು. 2025ರ ಮಾರ್ಚ್ ಹೊತ್ತಿಗೆ, ಗೀಡ್ರಾವನ್ನು ಭಾಷಾ ಮಾದರಿಗೆ ಜೋಡಿಸುವ ಗೀಡ್ರಾಎಂಸಿಪಿ ಬಂತು. ಇದೇ ಕೆಲಸದ ಬೇರೆ ಉಪಕರಣಗಳಾದ ಐಡಾ, ಬೈನರಿ ನಿಂಜಾ, ರಾಡಾರೆಗಳಿಗೂ ಇಂಥ ಸೇತುವೆಗಳು ಬಂದವು. ಅಂದಿನಿಂದ ಏಜೆಂಟು ತಾನೇ ಬೈನರಿ ತೆರೆಯುತ್ತದೆ, ಫಂಕ್ಷನ್ನುಗಳ ಪಟ್ಟಿ ಕೇಳುತ್ತದೆ, ಒಂದೊಂದನ್ನೂ ಡಿಕಂಪೈಲ್ ಮಾಡಿಸಿ, ಅಂದರೆ ಬೈಟುಗಳಿಂದ ಸಿ ಕೋಡಿನ ರೂಪಕ್ಕೆ ತಿರುಗಿಸಿ, ಓದುತ್ತದೆ, ಹೆಸರಿಡುತ್ತದೆ, ಕೊನೆಗೆ ವರದಿ ಬರೆಯುತ್ತದೆ. ಈ ಸೇತುವೆಗಳ ಸಾಮರ್ಥ್ಯದ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರೆಲ್ಲ ಅವುಗಳ ಜೊತೆ ಬರುವ ಬರವಣಿಗೆಯ ಮೇಲೆ. ಡಿಕಂಪೈಲ್ ಮಾಡುವ ಆಜ್ಞೆಗೆ ಕೊಡುವ ವಿವರಣೆ ಬಹಳ ಸಲ ಒಂದೇ ಸಾಲು: ಈ ಫಂಕ್ಷನ್ನಿನ ಸಿ ಕೋಡನ್ನು ಕೊಡುತ್ತದೆ.

ಆ ಸಾಲು ಸುಳ್ಳು. ಗೀಡ್ರಾ ಕೊಡುವುದು ಆ ಫಂಕ್ಷನ್ನಿನ ಸಿ ಕೋಡನ್ನಲ್ಲ, ಆ ಬೈಟುಗಳಿಗೆ ಹೊಂದಬಹುದಾದ ಒಂದು ಸಿ ಕೋಡನ್ನು. ಬೈನರಿಯೊಂದರಲ್ಲಿ ಯಾವುದು ಕೋಡ್, ಯಾವುದು ಡೇಟಾ ಎಂದು ಎಲ್ಲ ಸಂದರ್ಭದಲ್ಲೂ ಖಚಿತವಾಗಿ ಬೇರ್ಪಡಿಸುವ ವಿಧಾನ ಇರಲು ಸಾಧ್ಯವಿಲ್ಲ ಎಂಬುದು ಗಣಕ ವಿಜ್ಞಾನದಲ್ಲಿ ತೀರ್ಮಾನವಾದ ಮಾತು. ಇಂಟೆಲ್ ಮಾದರಿಯ ಪ್ರೊಸೆಸರಿನಲ್ಲಿ ಒಂದು ಸೂಚನೆಯ ಉದ್ದ 1 ಬೈಟಿನಿಂದ 15 ಬೈಟಿನವರೆಗೆ ಇರಬಹುದು. ಓದಲು ಶುರುಮಾಡುವ ಜಾಗ ಒಂದು ಬೈಟು ಆಚೀಚೆಯಾದರೂ ಅದೇ ಸಾಲು ಬೇರೆಯದೇ ಪ್ರೋಗ್ರಾಂ ಆಗಿ ಕಾಣುತ್ತದೆ. ಹಾಗಾಗಿ ಈ ಉಪಕರಣಗಳು ಹೆಜ್ಜೆಹೆಜ್ಜೆಗೂ ಅಂದಾಜು ಮಾಡುತ್ತವೆ. ಅಂದಾಜು ಬಹುತೇಕ ಸರಿಯಾಗಿಯೇ ಇರುತ್ತದೆ. ಅಪಾಯ ಹುಟ್ಟುವುದೂ ಅಲ್ಲಿಂದಲೇ, ಏಕೆಂದರೆ ಸರಿಯಾದ ಉತ್ತರಕ್ಕೂ ತಪ್ಪಿದ ಉತ್ತರಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸವೇ ಇರುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕೆಲವು ಫಂಕ್ಷನ್ನುಗಳನ್ನು ಕರೆದರೆ ಅವು ಮರಳಿ ಬರುವುದಿಲ್ಲ. ಎಕ್ಸಿಟ್, ಅಬಾರ್ಟ್ ಇತ್ಯಾದಿ. ಅಂಥ ಕರೆಯ ನಂತರ ಕೋಡ್ ಇರಬೇಕಾಗಿಲ್ಲ. ಆದ್ದರಿಂದ ಗೀಡ್ರಾ ಗೊತ್ತಿರುವ ಹೆಸರುಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ಜೊತೆಗೆ, ಬೇರೆ ಬೇರೆ ಕರೆಗಳ ಹಿಂದೆಮುಂದೆ ನೋಡಿ, ‘ಇದು ಕೂಡ ಮರಳಿ ಬರದ ಫಂಕ್ಷನ್ ಇರಬೇಕು’ ಎಂದು ತಾನೇ ತೀರ್ಮಾನಿಸುವ ಒಂದು ವಿಶ್ಲೇಷಕವೂ ಇದೆ. ಈ ತೀರ್ಮಾನ ಒಮ್ಮೊಮ್ಮೆ ತಪ್ಪುತ್ತದೆ. ಈಗ ಯಾವುದೋ ಸಾಧನದ ಲಾಗಿನ್ ಪರೀಕ್ಷಿಸುವ ಫಂಕ್ಷನ್ ಇದೆ ಎಂದಿಟ್ಟುಕೊಳ್ಳಿ. ಅದು ಮೊದಲು ಲಾಗ್ ಬರೆಯುವ ಇನ್ನೊಂದು ಫಂಕ್ಷನ್ನನ್ನು ಕರೆಯುತ್ತದೆ, ಆಮೇಲೆ ಕೋಡಿನಲ್ಲೇ ಹುದುಗಿಸಿಟ್ಟ ಪಾಸ್‌ವರ್ಡ್ ಒಂದರ ಜೊತೆ ಹೋಲಿಸಿ ನೋಡುತ್ತದೆ. ಲಾಗ್ ಫಂಕ್ಷನ್ ಮರಳಿ ಬರುವುದಿಲ್ಲ ಎಂದು ಗೀಡ್ರಾ ತಪ್ಪಾಗಿ ತೀರ್ಮಾನಿಸಿದರೆ, ಡಿಕಂಪೈಲರಿನ ಕಿಟಕಿಯಲ್ಲಿ ಆ ಕರೆಯ ಬಳಿಗೆ ಫಂಕ್ಷನ್ ಮುಗಿದುಹೋಗುತ್ತದೆ. ಪಾಸ್‌ವರ್ಡ್ ಹೋಲಿಸುವ ಭಾಗ ಅಲ್ಲಿ ಇರುವುದೇ ಇಲ್ಲ. ಕರೆಯ ಮೇಲೊಂದು ಟಿಪ್ಪಣಿ ಮಾತ್ರ ಕಾಣುತ್ತದೆ: ವಾರ್ನಿಂಗ್, ಸಬ್‌ರೂಟೀನ್ ಡಸ್ ನಾಟ್ ರಿಟರ್ನ್.

ಅನುಭವಸ್ಥರು ಆ ಟಿಪ್ಪಣಿ ಕಂಡ ಕೂಡಲೇ ಪಕ್ಕದ ಕಿಟಕಿಯಲ್ಲಿ ಬೈಟುಗಳನ್ನು ನೋಡುತ್ತಾರೆ. ಕರೆಯ ಮುಂದೆ ಕೋಡಿನಂತೆ ತೋರುವ ಬೈಟುಗಳು ಉಳಿದಿದ್ದರೆ ಅನುಮಾನ ಬಲವಾಗುತ್ತದೆ. ಫಂಕ್ಷನ್ ತಿದ್ದುವ ಕಿಟಕಿ ತೆರೆದು ಆ ಗುರುತನ್ನು ತೆಗೆದು, ಹರಿವನ್ನು ಮತ್ತೆ ಸರಿಪಡಿಸಿಕೊಳ್ಳುತ್ತಾರೆ. ಏಜೆಂಟಿಗೆ ಆ ಟಿಪ್ಪಣಿಯ ತೂಕ ಯಾರೂ ಹೇಳಿಲ್ಲ. ಅದರ ಕಣ್ಣಿಗೆ ಅದು ಎಲ್ಲ ಕೋಡಿನಲ್ಲೂ ಇರುವಂಥ ಒಂದು ಕಾಮೆಂಟ್. ಹಾಗಾಗಿ ಅದು ವರದಿಯಲ್ಲಿ ‘ಈ ಫಂಕ್ಷನ್ ದೋಷವನ್ನು ದಾಖಲಿಸಿ ನಿಲ್ಲುತ್ತದೆ, ಭದ್ರತಾ ಸಮಸ್ಯೆ ಕಾಣಲಿಲ್ಲ’ ಎಂದು ಶುದ್ಧ ವಾಕ್ಯದಲ್ಲಿ ಬರೆದು ಮುಂದೆ ಹೋಗಬಹುದು. ತಪ್ಪು ಏಜೆಂಟಿನ ಬುದ್ಧಿಯದು ಎಂದು ಬೈಯುವುದು ಸುಲಭ. ‘ಸಿ ಕೋಡನ್ನು ಕೊಡುತ್ತದೆ’ ಎಂದು ಬರೆದವರು ಯಾರು ಎಂದೂ ಕೇಳಬೇಕು.

ಆ ಒಂದು ಸಾಲಿನ ಜಾಗದಲ್ಲಿ ನಾನಾದರೆ ಹೀಗೆ ಬರೆಯುತ್ತೇನೆ: ‘ಇಲ್ಲಿ ಬರುವ ಸಿ ಕೋಡ್ ಒಂದು ಅಂದಾಜು. ಮರಳಿ ಬರುವುದಿಲ್ಲ ಎಂಬ ಎಚ್ಚರಿಕೆ ಇದ್ದರೆ, ಆ ಕರೆಯ ಮುಂದಿನ ಬೈಟುಗಳನ್ನು ಡಿಸ್‌ಅಸೆಂಬ್ಲಿಯಲ್ಲಿ ನೋಡು. ಅಲ್ಲಿ ಕೋಡ್ ಇರುವಂತೆ ಕಂಡರೆ, ಕರೆಸಿಕೊಂಡ ಫಂಕ್ಷನ್ನಿನ ಒಳಗೆ ಹೋಗಿ ಮರಳುವ ಸೂಚನೆ ಇದೆಯೇ ಎಂದು ಪರೀಕ್ಷಿಸು. ಇದ್ದರೆ ಗುರುತು ತೆಗೆದು ಮತ್ತೆ ಡಿಕಂಪೈಲ್ ಮಾಡು. ತಲುಪಲಾಗದ ಭಾಗವನ್ನು ತೆಗೆದಿದ್ದೇನೆ ಎಂಬ ಎಚ್ಚರಿಕೆಗೂ, ಜಂಪ್ ಟೇಬಲ್ ಸಿಗಲಿಲ್ಲ ಎಂಬ ಎಚ್ಚರಿಕೆಗೂ ಇದೇ ಕ್ರಮ. ಇದನ್ನು ಮಾಡುವ ತನಕ ಇಲ್ಲಿ ಏನೂ ಇಲ್ಲ ಎಂದು ಬರೆಯಬೇಡ.’ ಇದರಲ್ಲಿ ಹೊಸ ಆಜ್ಞೆ ಒಂದೂ ಇಲ್ಲ. ಇರುವುದೆಲ್ಲ, ಈ ಕೆಲಸದಲ್ಲಿ ಪಳಗಿದವರಿಗೆ ಆಗಲೇ ಗೊತ್ತಿದ್ದು ಯಾರೂ ಬರೆದಿಡದ ಸಂಗತಿ.

ವಿಳಾಸಗಳ ಗೊಂದಲವೂ ಇದೇ ಜಾತಿಯದು. ಲಿನಕ್ಸಿನಲ್ಲಿ ಇಂದು ಸಾಮಾನ್ಯವಾಗಿ ತಯಾರಾಗುವ ಪ್ರೋಗ್ರಾಮುಗಳು ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೂರಬಲ್ಲವು. ಅಂಥದೊಂದು ಫೈಲಿನ ಮೈನ್ ಫಂಕ್ಷನ್ ರಾಡಾರೆ2ರಲ್ಲಿ ಹೆಕ್ಸ್ ಎಣಿಕೆಯ 1169ರಲ್ಲಿ ಕಂಡರೆ, ಗೀಡ್ರಾದಲ್ಲಿ 101169ರಲ್ಲಿ ಕಾಣುತ್ತದೆ, ಏಕೆಂದರೆ ಗೀಡ್ರಾ ತಾನಾಗಿ 100000ದ ಬುನಾದಿಯ ಮೇಲೆ ಕೂರಿಸುತ್ತದೆ. ಅದನ್ನೇ ಜಿಡಿಬಿ ಡಿಬಗರಿನಲ್ಲಿ ಓಡಿಸಿದರೆ 555555555169. ಒಂದೇ ಜಮೀನಿಗೆ ಹಳೆಯ ಸರ್ವೆ ನಂಬರು, ಹೊಸ ಸರ್ವೆ ನಂಬರು, ಪಂಚಾಯ್ತಿಯ ಖಾತೆ ನಂಬರು ಇದ್ದ ಹಾಗೆ. ಎರಡು ಉಪಕರಣಗಳನ್ನು ಒಟ್ಟಿಗೆ ಹಿಡಿದ ಏಜೆಂಟು ಒಂದರ ವಿಳಾಸವನ್ನು ಇನ್ನೊಂದಕ್ಕೆ ಕೊಟ್ಟು, ‘ಆ ಜಾಗದಲ್ಲಿ ಏನೂ ಇಲ್ಲ’ ಎಂಬ ಉತ್ತರ ಪಡೆದು, ಫೈಲೇ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರಬಹುದು. ಎರಡು ಸಾಲು ಬರೆದಿಟ್ಟರೆ ತಪ್ಪುವ ಅನಾಹುತ ಇದು.

ಇನ್ನೊಂದು, ಖಾಲಿ ಉತ್ತರ. ರಾಡಾರೆ2ರಲ್ಲಿ ಒಂದು ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸಾಲನ್ನು, ಯಾರು ಯಾರು ಬಳಸುತ್ತಿದ್ದಾರೆ ಎಂದು ಕೇಳುವ ಆಜ್ಞೆ ಇದೆ. ವಿಶ್ಲೇಷಣೆಯನ್ನು ಮೊದಲು ನಡೆಸದೆ ಅದನ್ನು ಕೇಳಿದರೆ ಉತ್ತರವೇ ಬರುವುದಿಲ್ಲ. ವಿಶ್ಲೇಷಣೆ ನಡೆಸಿದ ಮೇಲೂ, ನಿಜವಾಗಿ ಯಾರೂ ಬಳಸದಿದ್ದರೆ ಆಗಲೂ ಉತ್ತರ ಬರುವುದಿಲ್ಲ. ಬಳಸುವವರು ಇದ್ದು, ವಿಳಾಸವನ್ನು ಓಡುವಾಗ ಲೆಕ್ಕಹಾಕಿಕೊಳ್ಳುತ್ತಿದ್ದರೂ ಉತ್ತರ ಬಾರದೆ ಹೋಗಬಹುದು. ಅನೇಕ ರೌಟರುಗಳಲ್ಲಿರುವ ಮಿಪ್ಸ್ ಪ್ರೊಸೆಸರಿನ ಕೋಡ್, ಜಿಪಿ ಎಂಬ ರಿಜಿಸ್ಟರಿನಿಂದ ಅಳೆದು ವಿಳಾಸ ಕಂಡುಕೊಳ್ಳುವುದರಿಂದ ಅಲ್ಲಿ ಇದು ಮಾಮೂಲು. ಮೂರು ಬೇರೆ ಬೇರೆ ಸತ್ಯಗಳಿಗೆ ಒಂದೇ ಮೌನ. ಮನುಷ್ಯನಿಗೆ ಇಂಥ ಕಡೆ ‘ಏನೋ ಎಡವಟ್ಟಾಗಿದೆ’ ಎನಿಸುತ್ತದೆ. ಏಜೆಂಟು ಖಾಲಿ ಪಟ್ಟಿಯನ್ನು ‘ಇಲ್ಲ’ ಎಂಬ ಉತ್ತರವೆಂದೇ ಓದಿಕೊಳ್ಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಈ ಮಾಹಿತಿ ಎಲ್ಲೋ ದೂರದ ಕಡತದಲ್ಲಿದ್ದರೆ ಸಾಲದು. ‘ವಿಶ್ಲೇಷಣೆ ಇನ್ನೂ ನಡೆದಿಲ್ಲ’ ಎಂದು ಆ ಖಾಲಿ ಉತ್ತರದ ಜಾಗದಲ್ಲೇ ಉಪಕರಣ ಹೇಳಬೇಕು. ಏಜೆಂಟು ಬಳಸುವ ಉಪಕರಣದಲ್ಲಿ ದೋಷದ ಸಂದೇಶವೂ ಕೈಪಿಡಿಯದೇ ಭಾಗ.

ಪೂರ್ತಿ ಪಟ್ಟಿ ಬೇಕು ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮಾದರಿಗಳು ತರಬೇತಿಯಲ್ಲಿ ಕಲಿತ ಆಜ್ಞೆಗಳು ಹಳೆಯ ಆವೃತ್ತಿಯವಾಗಿರಬಹುದು. ಇಲ್ಲದ ಆಜ್ಞೆಯನ್ನು ಇದೆ ಎಂದುಕೊಂಡು ಅವು ಕೊಡುವುದೂ ಉಂಟು. ಅಂಥಲ್ಲಿ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಆದರೆ ಯಂತ್ರಕ್ಕೆ ಎಷ್ಟು ಸುರಿದರೂ ನಷ್ಟವಿಲ್ಲ ಎಂಬ ಊಹೆ ನಿಲ್ಲುವುದಿಲ್ಲ. ಉದ್ದನೆಯ ಪಠ್ಯ ಕೊಟ್ಟಾಗ ಮಾದರಿಗಳು ಆದಿ ಅಂತ್ಯಗಳಲ್ಲಿ ಇರುವುದನ್ನು ಚೆನ್ನಾಗಿ ಹಿಡಿದು ನಡುವಿನದನ್ನು ಕೈಬಿಡುವ ಪ್ರವೃತ್ತಿಯನ್ನು 2023ರಲ್ಲಿ ಬಂದ ‘ಲಾಸ್ಟ್ ಇನ್ ದ ಮಿಡ್ಲ್’ ಎಂಬ ಸಂಶೋಧನಾ ಲೇಖನ ತೋರಿಸಿತು. ಆಮೇಲಿನ ಮಾದರಿಗಳು ಸುಧಾರಿಸಿವೆ. ಆದರೂ ಗಮನ ಎಂಬುದು ಅವುಗಳಿಗೂ ಪುಕ್ಕಟೆ ಸಿಗುವ ಸರಕಲ್ಲ. ಸಾವಿರ ಆಜ್ಞೆಗಳ ನಡುವೆ ಹೂತಿಟ್ಟ ಒಂದು ಎಚ್ಚರಿಕೆ ಇದ್ದೂ ಇಲ್ಲದಂತೆ. ರಾಡಾರೆ2ರಲ್ಲಂತೂ ಯಾವುದೇ ಆಜ್ಞೆಯ ಕೊನೆಗೆ ಪ್ರಶ್ನೆಯ ಚಿಹ್ನೆ ಹಾಕಿದರೆ ಅದರ ವಿವರಣೆ ಬರುತ್ತದೆ, ಜೆ ಅಕ್ಷರ ಸೇರಿಸಿದರೆ ಬಹಳಷ್ಟು ಆಜ್ಞೆಗಳ ಉತ್ತರ ಜೇಸನ್ ಆಗುತ್ತದೆ. ಈ ಎರಡು ವಾಕ್ಯಗಳನ್ನು ಹೇಳಿದರೆ ಪಟ್ಟಿಯ ಮುಕ್ಕಾಲು ಪಾಲು ಬೇಕಾಗುವುದಿಲ್ಲ. ಉಳಿದ ಜಾಗವನ್ನು, ಕೇಳಿದರೂ ಉಪಕರಣ ಹೇಳದ ಸಂಗತಿಗಳಿಗೆ ಕೊಡಬೇಕು. ದೊಡ್ಡ ಫರ್ಮ್‌ವೇರ್ ಮೇಲೆ ಪೂರ್ತಿ ವಿಶ್ಲೇಷಣೆ ಹಚ್ಚಿ ಕೂರಬೇಡ, ಬೇಕಾದ ವಿಳಾಸದ ಫಂಕ್ಷನ್ನನ್ನು ಮಾತ್ರ ಬಿಡಿಸು ಎಂಬುದು ಅಂಥದೊಂದು.

ಸೋರ್ಸ್ ಓದಿದರೆ ಸಾಕು ಎಂಬುದಕ್ಕೆ ಉತ್ತರ ಚಿಕ್ಕದು. ಮರಳಿ ಬರದ ಫಂಕ್ಷನ್ನನ್ನು ಗೀಡ್ರಾ ಹೇಗೆ ಹುಡುಕುತ್ತದೆ ಎಂಬುದು ಸೋರ್ಸಿನಲ್ಲಿದೆ. ಆ ಹುಡುಕಾಟ ಯಾವ ತರಹದ ಫೈಲಿನಲ್ಲಿ ಕೈಕೊಡುತ್ತದೆ ಎಂಬುದು ಅಲ್ಲಿಲ್ಲ.

ಹಾಗಾದರೆ ಏಜೆಂಟಿಗೆಂದೇ ಒಂದು ಹೊಸ ಬಗೆಯ ಬರವಣಿಗೆ ಬೇಕೇ? ಬೇಕೆಂಬುದೇ ಈಗಿನ ಮಾತು. ಏಜೆಂಟಿಗಾಗಿ ಬೇರೆ ಕಡತ, ಮನುಷ್ಯರಿಗಾಗಿ ಬೇರೆ ಪುಟ. ಇದನ್ನೂ ನಾನು ಒಪ್ಪಲಾರೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರ್‌ನದು. ಅದರ ಪುಟಗಳಲ್ಲಿ ಹೆಸರು, ಬಳಕೆಯ ರೀತಿ, ವಿವರಣೆಗಳ ಜೊತೆಗೆ ‘ಬಗ್ಸ್’ ಎಂಬ ತಲೆಬರಹವೂ ಇತ್ತು. ಉಪಕರಣ ಮಾಡಿದವರೇ ಅದರ ಕುಂದುಗಳನ್ನು ಬಳಕೆದಾರನ ಮುಂದೆ ಬರೆದಿಟ್ಟರು; ಅದನ್ನು ನಾಚಿಕೆಯ ವಿಷಯ ಎಂದುಕೊಳ್ಳಲಿಲ್ಲ. ಆ ಪದ್ಧತಿ ಕ್ರಮೇಣ ಸೊರಗಿತು. ಉಪಕರಣದ ಪುಟ ಜಾಹೀರಾತಿನ ಪುಟವಾಯಿತು. ಏಜೆಂಟಿಗೆ ಬೇಕಿರುವುದು ಆ ಹಳೆಯ ತಲೆಬರಹವೇ.

ಇಷ್ಟು ವರ್ಷ ಆ ಕೊರತೆ ನಮ್ಮನ್ನು ಅಷ್ಟಾಗಿ ಕಾಡದೆ ಇದ್ದದ್ದಕ್ಕೆ ಕಾರಣ ಪಕ್ಕದ ಮೇಜು. ಹೊಸಬರು ಡಿಕಂಪೈಲರ್ ತೋರಿಸಿದ್ದನ್ನು ನಂಬಿ ಹೊರಟಾಗ, ‘ಅದನ್ನ ನಂಬಬೇಡ ಮಾರಾಯ, ಕೆಳಗಡೆ ಬೈಟ್ ನೋಡು’ ಎನ್ನುವ ಒಬ್ಬ ಹಿರಿಯರು ಅಲ್ಲಿರುತ್ತಿದ್ದರು. ಈ ವಿದ್ಯೆ ಬಹುಪಾಲು ಬಾಯಿಂದ ಬಾಯಿಗೆ ಹರಿದು ಬಂದದ್ದು. ಹಾಗೆ ಹಿರಿಯರು ಸಿಗದ ಊರಿನಲ್ಲಿ ಒಂಟಿಯಾಗಿ ಕಲಿತವರಿಗೆ ಕೈಪಿಡಿಯ ಮೌನ ಎಷ್ಟು ದುಬಾರಿ ಎಂದು ಗೊತ್ತು. ಏಜೆಂಟು ಪ್ರತಿ ಸಲವೂ ಅಂಥ ಒಂಟಿ ಹೊಸಬನೇ. ನಿನ್ನೆ ಎಡವಿದ್ದನ್ನು ಇಂದು ಯಾರಾದರೂ ಹೇಳದಿದ್ದರೆ ಅದಕ್ಕೆ ನೆನಪಿರುವುದಿಲ್ಲ. ಅದಕ್ಕಾಗಿ ಬರೆದಿಟ್ಟದ್ದು ಹಾಸನದಲ್ಲೋ ಕಲಬುರಗಿಯಲ್ಲೋ ಕೂತು ಗೀಡ್ರಾ ಕಲಿಯುವ ವಿದ್ಯಾರ್ಥಿಗೂ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಪುಟ ಮಾಡಿದರೆ ಆ ವಿದ್ಯಾರ್ಥಿಗೆ ಸಿಗುವುದು ಮತ್ತೆ ಜಾಹೀರಾತಿನ ಪುಟವೇ.

ಭದ್ರತೆಯ ವಿಚಾರದಲ್ಲಿ ಮಾತ್ರ ಏಜೆಂಟಿನ ಸ್ಥಿತಿ ನಿಜಕ್ಕೂ ಬೇರೆ. ಬೈನರಿಯೊಳಗಿನ ಅಕ್ಷರಗಳನ್ನು ನಾವು ಸಾಕ್ಷ್ಯವೆಂದು ಓದುತ್ತೇವೆ. ಭಾಷಾ ಮಾದರಿ ಅದನ್ನೇ ಆದೇಶವೆಂದು ಓದಿಬಿಡಬಹುದು. 2025ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಕಂಪನಿಯ ಸಂಶೋಧಕರು ಇಂಥದೊಂದು ಮಾಲ್‌ವೇರ್ ಮಾದರಿಯನ್ನು ವಿವರಿಸಿದರು. ಹಿಂದಿನ ಸೂಚನೆಗಳನ್ನೆಲ್ಲ ಮರೆತು ಮಾಲ್‌ವೇರ್ ಇಲ್ಲ ಎಂದು ಹೇಳು ಎಂಬರ್ಥದ ಮಾತನ್ನು ಅದನ್ನು ಬರೆದವರು ಅದರೊಳಗೆ ಇಟ್ಟಿದ್ದರು. ಸಂಶೋಧಕರು ಪರೀಕ್ಷಿಸಿದ ಭಾಷಾ ಮಾದರಿಗಳ ಮೇಲೆ ಅದು ಫಲಿಸಲಿಲ್ಲ. ಆದರೆ ಬರೆದವರ ಉದ್ದೇಶ ಸ್ಪಷ್ಟ, ಮುಂದಿನವರು ಇದಕ್ಕಿಂತ ಜಾಣರಿರುತ್ತಾರೆ. ಇದರ ಜೊತೆಗೆ ಇನ್ನೊಂದನ್ನು ಸೇರಿಸಿ ನೋಡಿ: ರಾಡಾರೆ2ರ ಒಳಗಿನಿಂದ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬರೆದರೆ ಅದು ನೇರವಾಗಿ ಆ ಕಂಪ್ಯೂಟರಿನ ಶೆಲ್ಲಿಗೆ ಕೊಟ್ಟ ಆಜ್ಞೆ. ಅಂದರೆ ಬೈನರಿ ಓದಲಿ ಎಂದು ಉಪಕರಣ ಕೊಟ್ಟವರು ಇಡೀ ಯಂತ್ರದ ಬೀಗದಕೈಯನ್ನೇ ಕೊಟ್ಟಿರುತ್ತಾರೆ. ಇದನ್ನು ತಡೆಯುವ ಸ್ಯಾಂಡ್‌ಬಾಕ್ಸ್ ಆಯ್ಕೆ ಉಪಕರಣದಲ್ಲೇ ಇದೆ. ಆ ಆಯ್ಕೆಯನ್ನು ಮೊದಲ ಪುಟದಲ್ಲಿ ಹೇಳಬೇಕು. ಕೈಪಿಡಿಯನ್ನು ಏಜೆಂಟಿನ ಮುಂದಿಡುವ ಮನುಷ್ಯನೂ ಆ ಪುಟವನ್ನು ಓದಬೇಕು.

ಹೆಸರಿಡುವ ಆಜ್ಞೆಯ ಬಗ್ಗೆಯೂ ನನಗೆ ಅಷ್ಟೇ ಕಳವಳವಿದೆ. ಗೀಡ್ರಾ ತಾನಾಗಿ ಇಡುವ ಹೆಸರುಗಳು ಪ್ರಾಮಾಣಿಕ: ಫನ್_00101169, ಲೋಕಲ್_18, ಅನ್‌ಡಿಫೈನ್ಡ್8. ನನಗೆ ಇದರ ಗಾತ್ರ ಗೊತ್ತು, ಜಾತಿ ಗೊತ್ತಿಲ್ಲ ಎಂಬುದನ್ನು ಅವು ಬಾಯಿಬಿಟ್ಟು ಹೇಳುತ್ತವೆ. ಏಜೆಂಟು ಬಂದು ಒಂದನ್ನು ‘ಡಿಕ್ರಿಪ್ಟ್_ಕಾನ್ಫಿಗ್’ ಎಂದು ಬದಲಿಸಿದರೆ ಆ ಪ್ರಾಮಾಣಿಕತೆ ಅಲ್ಲಿಗೆ ಮುಗಿಯಿತು. ಆ ಹೆಸರು ಡೇಟಾಬೇಸಿನಲ್ಲಿ ಕೂರುತ್ತದೆ. ಮರುದಿನ ಇನ್ನೊಂದು ಏಜೆಂಟು ಅದನ್ನು ಕರೆಯುವ ಫಂಕ್ಷನ್ನನ್ನು ಓದಿ, ಇಲ್ಲಿ ಡಿಕ್ರಿಪ್ಟ್ ನಡೆಯುತ್ತಿದೆ ಎಂದು ಬರೆದು, ಅದಕ್ಕೂ ತಕ್ಕ ಹೆಸರಿಡುತ್ತದೆ. ಮೊದಲ ಊಹೆ ತಪ್ಪಾಗಿದ್ದರೆ ಅದರ ಮೇಲೆ ಕಟ್ಟಿದ್ದೆಲ್ಲ ತಪ್ಪು, ಮತ್ತು ಎಲ್ಲಿಂದ ಶುರುವಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಒಳ್ಳೆಯ ವಿಶ್ಲೇಷಕರು ಖಚಿತವಿಲ್ಲದ ಹೆಸರಿನ ಮುಂದೆ ‘ಮೇಬಿ’ ಎಂದು ಸೇರಿಸುತ್ತಾರೆ, ಕಾರಣವನ್ನು ಟಿಪ್ಪಣಿಯಲ್ಲಿ ಬರೆಯುತ್ತಾರೆ. ಏಜೆಂಟಿನ ಕೈಪಿಡಿ ಇದನ್ನು ಕಡ್ಡಾಯ ಮಾಡಬೇಕು: ಯಂತ್ರ ಇಟ್ಟ ಹೆಸರಿಗೆ ಯಂತ್ರದ ಗುರುತು, ಯಾವ ವಿಳಾಸದ ಯಾವ ಸಾಕ್ಷ್ಯ ನೋಡಿ ಇಟ್ಟದ್ದು ಎಂಬ ಒಂದು ಸಾಲು, ಮನುಷ್ಯ ಇಟ್ಟ ಹೆಸರನ್ನು ಅಳಿಸದಿರುವ ನಿಯಮ.

ಕೊನೆಗೆ, ಇದನ್ನು ಯಾರು ಬರೆಯಬೇಕು ಎಂಬ ಪ್ರಶ್ನೆ. ಸೋರ್ಸನ್ನು ಮಾದರಿಗೇ ಕೊಟ್ಟು ಕೈಪಿಡಿ ಬರೆಸಿಕೊಳ್ಳುವ ರೂಢಿ ಹಬ್ಬುತ್ತಿದೆ. ಆಜ್ಞೆಗಳ ಪಟ್ಟಿಯನ್ನು ಅದು ಅಚ್ಚುಕಟ್ಟಾಗಿ ಬರೆದುಕೊಡುತ್ತದೆ, ನಿಜ. ಆದರೆ ಒಂದು ತಂಡ ತಾನು ನೋಡುವ ಫೈಲುಗಳಲ್ಲಿ ಗೀಡ್ರಾ ಎಲ್ಲೆಲ್ಲಿ ಎಡವುತ್ತದೆ ಎಂದು ಕಂಡುಕೊಂಡದ್ದು ಸೋರ್ಸಿನಲ್ಲಿ ಇಲ್ಲ, ಆದ್ದರಿಂದ ಮಾದರಿಯ ಬರಹದಲ್ಲೂ ಇರುವುದಿಲ್ಲ. ಅದು ಇರುವುದು ಆ ಪಕ್ಕದ ಮೇಜಿನವರ ತಲೆಯಲ್ಲಿ. ಅವರಿಗೆ ಇದನ್ನು ಬರೆಯಲು ಕಚೇರಿಯ ವೇಳೆಯಲ್ಲೇ ಸಮಯ ಕೊಡಬೇಕು, ಬರೆದದ್ದನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕು. ಶುರುಮಾಡಲು ದೊಡ್ಡ ಯೋಜನೆ ಬೇಕಿಲ್ಲ. ತಂಡಕ್ಕೆ ಕಡೆಯದಾಗಿ ಸೇರಿದ ಹುಡುಗಿ ಮೊದಲ ತಿಂಗಳಲ್ಲಿ ಕೇಳಿದ ಪ್ರಶ್ನೆಗಳನ್ನೂ ಹಿರಿಯರು ಕೊಟ್ಟ ಉತ್ತರಗಳನ್ನೂ ಬರೆದಿಟ್ಟರೆ ಕೈಪಿಡಿಯ ಮೊದಲ ಅಧ್ಯಾಯ ಸಿದ್ಧವಾಗುತ್ತದೆ.